ಮಳೆನೀರಿನಿಂದ ಮಣ್ಣು, ಎಣ್ಣೆ ಬೇರೆಯಾಗುವುದು ಹೇಗೆ?

ಮಕ್ಕಳೇ, ಮಳೆ ನಿಂತ ಮೇಲೆ ಒದ್ದೆ ರಸ್ತೆಯಲ್ಲಿ ಕಾಮನಬಿಲ್ಲಿನಂಥ ಬಣ್ಣಗಳು ಹೊಳೆಯುವುದನ್ನು ನೋಡಿದ್ದೀರಾ? ಅದು ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆಯ ತೆಳು ಪದರ. ಆ ಎಣ್ಣೆ ಮುಂದೆ ಎಲ್ಲಿಗೆ ಹೋಗುತ್ತದೆ?

ಮೈಸೂರಿನ ಯಾದವಗಿರಿಯನ್ನೇ ತೆಗೆದುಕೊಳ್ಳಿ. ರೈಲು ನಿಲ್ದಾಣಕ್ಕೆ ಹತ್ತಿರವಿರುವ, ಆಕಾಶವಾಣಿ ಕೇಂದ್ರವಿರುವ ಬಡಾವಣೆ ಇದು. ಇಲ್ಲಿನ 100 ಮೀಟರ್ ಉದ್ದ, 6 ಮೀಟರ್ ಅಗಲದ ಡಾಂಬರು ರಸ್ತೆಯೊಂದರ ಮೇಲೆ 20 ಮಿ.ಮೀ. ಮಳೆ ಬಿತ್ತೆಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಹಾಗಾದರೆ 100 × 6 × 20 = 12,000 ಲೀಟರ್! ಡಾಂಬರು ನೀರನ್ನು ಹೀರುವುದಿಲ್ಲ. ಆದ್ದರಿಂದ ಹೆಚ್ಚಿನ ನೀರು ಮಣ್ಣು, ಮರಳು, ಎಣ್ಣೆಗಳನ್ನು ಕೊಚ್ಚಿಕೊಂಡು ಚರಂಡಿ ಸೇರುತ್ತದೆ.

ಮೈಸೂರಿನಲ್ಲಿ ಉತ್ತರಕ್ಕೆ ಹರಿದ ಮಳೆನೀರು ಕಾವೇರಿಯತ್ತ ಸಾಗುತ್ತದೆ. ದಕ್ಷಿಣಕ್ಕೆ ಹರಿದದ್ದು ಕಬಿನಿಯತ್ತ ಸಾಗುತ್ತದೆ. ಕಬಿನಿಯೂ ಕೊನೆಗೆ ಸೇರುವುದು ಕಾವೇರಿಯನ್ನೇ. ದಾರಿಯಲ್ಲಿ ಕೆರೆಯಿದ್ದರೆ ಹೂಳು ಅದರಲ್ಲಿ ತುಂಬುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯು ಗಾಳಿಯ ಆಮ್ಲಜನಕ ನೀರಿನಲ್ಲಿ ಕರಗಲು ಅಡ್ಡಿಪಡಿಸುತ್ತದೆ. ಆಗ ಮೀನುಗಳಿಗೆ ಉಸಿರಾಟ ಕಷ್ಟವಾಗುತ್ತದೆ.

ಮಾಡಿ ನೋಡಿ

ಪಾರದರ್ಶಕ ಬಾಟಲಿಯೊಂದರಲ್ಲಿ ಮುಕ್ಕಾಲು ಭಾಗ ನೀರು ತುಂಬಿ. ಒಂದು ಹಿಡಿ ಮಣ್ಣು, ಎರಡು ಚಮಚ ಅಡುಗೆ ಎಣ್ಣೆ ಹಾಕಿ. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಅಲುಗಾಡದಂತೆ ಇಡಿ. ಏನಾಯಿತು? ಮರಳು ತಳಕ್ಕಿಳಿಯಿತು. ಎಣ್ಣೆ ಮೇಲಕ್ಕೆ ಬಂತು. ಮರಳಿನ ಸಾಂದ್ರತೆ ನೀರಿಗಿಂತ ಹೆಚ್ಚು, ಎಣ್ಣೆಯದು ಕಡಿಮೆ. ಅದೇ ಇದಕ್ಕೆ ಕಾರಣ.

ಬೇರ್ಪಡಿಸುವ ತೊಟ್ಟಿ

ಗ್ಯಾರೇಜು, ಪೆಟ್ರೋಲ್ ಬಂಕ್, ವಾಹನ ನಿಲುಗಡೆ ಇರುವ ಕಡೆ ಇದೇ ತತ್ವದ ಮೇಲೆ ನೆಲದೊಳಗೆ ತೊಟ್ಟಿ ಕಟ್ಟಬಹುದು. ಅದರಲ್ಲಿ ಮೂರು ಕೋಣೆಗಳು. ಮೊದಲ ಕೋಣೆ ಅಗಲವಾಗಿರುವುದರಿಂದ ನೀರಿನ ವೇಗ ತಗ್ಗಿ ಮರಳು ತಳದಲ್ಲಿ ನಿಲ್ಲುತ್ತದೆ. ಎರಡನೆಯ ಕೋಣೆಯಲ್ಲಿ ಎಣ್ಣೆ ತೇಲುತ್ತದೆ. ಅದರ ಕೊನೆಯ ಅಡ್ಡಗೋಡೆ ಮೇಲಿನಿಂದ ಇಳಿದಿದ್ದರೂ ತಳವನ್ನು ಮುಟ್ಟುವುದಿಲ್ಲ. ಹಾಗಾಗಿ ಎಣ್ಣೆ ಮೇಲೆಯೇ ಉಳಿದು, ನೀರು ಮಾತ್ರ ಗೋಡೆಯ ಕೆಳಗಿನಿಂದ ನುಸುಳಿ ಮೂರನೆಯ ಕೋಣೆಗೆ ಹೋಗುತ್ತದೆ. ಅಲ್ಲಿಂದ ಚರಂಡಿಗೆ.

ಈ ತೊಟ್ಟಿಗೂ ಮಿತಿಗಳಿವೆ. ನಿಂತ ನೀರಿನಲ್ಲಿ 0.1 ಮಿ.ಮೀ. ಗಾತ್ರದ ಮರಳಿನ ಕಣ 10 ಸೆಂ.ಮೀ. ಇಳಿಯಲು ಹತ್ತು ಹನ್ನೆರಡು ಸೆಕೆಂಡು ಸಾಕು. 0.002 ಮಿ.ಮೀ. ಗಾತ್ರದ ಜೇಡಿಮಣ್ಣಿನ ಕಣಕ್ಕೆ ಸುಮಾರು 8 ಗಂಟೆ ಬೇಕು! ಅಷ್ಟು ಹೊತ್ತು ನೀರು ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ಸೋಪಿನ ನೀರು ಬೆರೆತರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹೊರಟುಹೋಗುತ್ತದೆ. ಹೂಳು, ಎಣ್ಣೆಗಳನ್ನು ಆಗಾಗ ತೆಗೆಯದಿದ್ದರೆ ಮುಂದಿನ ದೊಡ್ಡ ಮಳೆಯಲ್ಲಿ ಅವೆಲ್ಲ ಮತ್ತೆ ಕೊಚ್ಚಿಹೋಗುತ್ತವೆ. ತೊಟ್ಟಿ ಕಟ್ಟಿದರಷ್ಟೇ ಸಾಲದು, ಅದನ್ನು ಶುಚಿಯಾಗಿಡಬೇಕು. ಬಳಸಿದ ಎಂಜಿನ್ ಎಣ್ಣೆಯನ್ನು ಚರಂಡಿಗೆ ಸುರಿಯದಿರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಯೋಚಿಸಿ, ಉತ್ತರಿಸಿ

1. ಅಡ್ಡಗೋಡೆ ತಳವನ್ನು ಮುಟ್ಟುವಂತಿದ್ದು, ನೀರು ಅದರ ಮೇಲಿನಿಂದ ಹರಿದರೆ ಎಣ್ಣೆ ಏನಾಗುತ್ತದೆ?
2. ನಿಮ್ಮ ಬಾಟಲಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ಕುಲುಕಿ. ಈಗ ಎಣ್ಣೆ ಬೇರೆಯಾಗಲು ಎಷ್ಟು ಹೊತ್ತು ಬೇಕಾಯಿತು?
3. ನಿಮ್ಮ ಶಾಲೆಯ ಅಂಗಳದ ಮಳೆನೀರು ಯಾವ ಕೆರೆ ಅಥವಾ ಹಳ್ಳ ಸೇರುತ್ತದೆ? ಶಿಕ್ಷಕರೊಡನೆ ಹೋಗಿ ನೋಡಿ, ನಕ್ಷೆ ಬರೆಯಿರಿ.