ಮನೆಯಂಗಳದಲ್ಲಿ ವಿದ್ಯುತ್ ಕಾರಿನ ಚಾರ್ಜಿಂಗ್: ಹೊತ್ತು, ಹೊರೆ, ಲೆಕ್ಕ

ಹಾವೇರಿ ಜಿಲ್ಲೆಯ ವರ್ತಕರಿಗೆ ಊರೂರು ತಿರುಗುವುದು ವ್ಯವಹಾರದ ಒಂದು ಅಂಗವೇ ಆಗಿದೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಮಾರುಕಟ್ಟೆ ಪ್ರಾಂಗಣಕ್ಕೂ ಶೀತಲಗೃಹಕ್ಕೂ ನಡುವೆ ಓಡಾಡುತ್ತಾರೆ. ರಾಣೆಬೆನ್ನೂರಿನ ಬೀಜ ಮತ್ತು ಹತ್ತಿಯ ವ್ಯಾಪಾರಿಗಳು ಸುತ್ತಲಿನ ಹಳ್ಳಿಗಳಿಗೆ ಹೋಗಿಬರುತ್ತಾರೆ. ಹಾವೇರಿಯ ಸಣ್ಣ ಉದ್ದಿಮೆದಾರರು ಕಚೇರಿ ಕೆಲಸಕ್ಕೂ ಬಿಡಿಭಾಗಗಳ ಖರೀದಿಗೂ ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಇಂಥವರಲ್ಲಿ ಅನೇಕರು ಈಗ ವಿದ್ಯುತ್ ಕಾರಿನ ಕಡೆಗೆ ನೋಡುತ್ತಿರುವುದು ಸಹಜ. ಆದರೆ ಕಾರನ್ನು ಕೊಳ್ಳುವಾಗ ಬೆಲೆ, ಬಣ್ಣ, ಓಡುವ ದೂರ ಮುಂತಾದವುಗಳನ್ನು ವಿಚಾರಿಸುವಷ್ಟು ಆಸ್ಥೆಯಿಂದ ಮನೆಯ ಮೀಟರಿನ ಸಂಗತಿಯನ್ನು ವಿಚಾರಿಸುವವರು ವಿರಳ. ವಿದ್ಯುತ್ ಕಾರಿನ ಲಾಭವಾಗಲಿ ನಷ್ಟವಾಗಲಿ ಬಹುಪಾಲು ನಿರ್ಧಾರವಾಗುವುದು ಆ ಮೀಟರಿನಲ್ಲಿಯೇ ಎಂಬುದು ಈ ಲೇಖನದ ಸಾರಾಂಶ.

ಮನೆಯಲ್ಲಿಯೇ ಕಾರನ್ನು ಚಾರ್ಜ್ ಮಾಡುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಚಾರ್ಜ್ ಆಗುತ್ತಿತ್ತು. ಅಂದಿನ ಸೀಸ–ಆಮ್ಲ ಬ್ಯಾಟರಿಯ ಸ್ಥಾನದಲ್ಲಿ ಇಂದು ಲಿಥಿಯಂ ಬ್ಯಾಟರಿ ಬಂದಿದೆ. ಅದರ ಗಾತ್ರವೂ ಹಲವು ಪಟ್ಟು ಹೆಚ್ಚಿದೆ. ಆದರೆ ಕಾರು ಮನೆಯ ಮುಂದೆ ನಿಂತಿರುವಾಗ ನಿಧಾನವಾಗಿ ಚಾರ್ಜ್ ಮಾಡಿಕೊಳ್ಳುವುದೇ ಮಿತವ್ಯಯದ ಮಾರ್ಗ ಎಂಬ ತತ್ತ್ವ ಬದಲಾಗಿಲ್ಲ.

1. ದಿನದ ಅಗತ್ಯ

ಮೊದಲು ತಿಳಿಯಬೇಕಾದದ್ದು ಬ್ಯಾಟರಿಯ ಗಾತ್ರವನ್ನಲ್ಲ, ದಿನದ ಓಟವನ್ನು. ಸಣ್ಣ ವಿದ್ಯುತ್ ಕಾರು ಒಂದು ಯೂನಿಟ್‌ಗೆ ಸುಮಾರು 6 ಕಿ.ಮೀ. ಓಡುತ್ತದೆ ಎಂದು ಹಿಡಿಯುವುದು ಸುರಕ್ಷಿತ ಅಂದಾಜು. ದಿನಕ್ಕೆ 60 ಕಿ.ಮೀ. ಓಡುವವರಿಗೆ ಬ್ಯಾಟರಿಯಲ್ಲಿ 10 ಯೂನಿಟ್ ಬೇಕು. ಚಾರ್ಜ್ ಮಾಡುವಾಗ ಸ್ವಲ್ಪ ವಿದ್ಯುತ್ತು ಶಾಖವಾಗಿ ನಷ್ಟವಾಗುವುದರಿಂದ ಮೀಟರಿನಲ್ಲಿ ಸುಮಾರು 11.5 ಯೂನಿಟ್ ದಾಖಲಾಗುತ್ತದೆ. ತಿಂಗಳಿಗೆ 25 ದಿನದಂತೆ ಇದು ಸುಮಾರು 288 ಯೂನಿಟ್ ಆಗುತ್ತದೆ.

ಯೂನಿಟ್ಟಿಗೆ ಎಲ್ಲ ಸೇರಿ 7 ರೂ. ಎಂದು ಹಿಡಿದರೆ ವೆಚ್ಚ ಸುಮಾರು 2,016 ರೂ. ಅಷ್ಟೇ ದೂರಕ್ಕೆ, ಅಂದರೆ 1,500 ಕಿ.ಮೀ.ಗೆ, ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ 100 ಲೀಟರ್ ಬೇಕು. ಲೀಟರಿಗೆ 100 ರೂ. ಎಂದರೂ 10,000 ರೂ. ಆಯಿತು. ಉಳಿತಾಯ ದೊಡ್ಡದೇ. ಆದರೆ ಮುಂದೆ ಹೇಳುವ ಮೂರು ಸಂಗತಿಗಳನ್ನು ಅಲಕ್ಷಿಸಿದರೆ ಅದರಲ್ಲಿ ಒಂದು ಭಾಗ ತಿಳಿಯದಂತೆಯೇ ಸೋರಿಹೋಗುತ್ತದೆ.

2. ಹೊರೆ

ಕಾರಿನೊಂದಿಗೆ ಬರುವ ಸಾಮಾನ್ಯ ಚಾರ್ಜರ್ ಮನೆಯ 15–16 ಆಂಪಿಯರ್ ಪ್ಲಗ್ಗಿನಿಂದ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೋಡೆಗೆ ಅಳವಡಿಸುವ ದೊಡ್ಡ ಚಾರ್ಜರ್ 7.2 ಕಿಲೋವ್ಯಾಟ್‌ವರೆಗೆ ಎಳೆಯುತ್ತದೆ. ಗೀಸರಿಗೆ 2 ಕಿಲೋವ್ಯಾಟ್, ಒಂದು ಅಶ್ವಶಕ್ತಿಯ ನೀರಿನ ಪಂಪಿಗೆ ಮುಕ್ಕಾಲು ಕಿಲೋವ್ಯಾಟ್ ಬೇಕು. ಮಂಜೂರಾದ ಹೊರೆ 3 ಕಿಲೋವ್ಯಾಟ್ ಇರುವ ಮನೆಯಲ್ಲಿ ಬೆಳಗಿನ ಹೊತ್ತು ಇವು ಮೂರೂ ಒಟ್ಟಿಗೆ ನಡೆದರೆ ಹೊರೆಯು 6 ಕಿಲೋವ್ಯಾಟ್ ಸಮೀಪಿಸುತ್ತದೆ. ಹಳೆಯ ತಂತಿ ಬಿಸಿಯಾಗುವುದೂ ಫ್ಯೂಸ್ ಹೋಗುವುದೂ ಇಂಥ ಹೊತ್ತಿನಲ್ಲಿಯೇ.

ಇದಕ್ಕೆ ಪರಿಹಾರ ಎರಡು. ಹೆಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಹೊರೆಯನ್ನು ಹೆಚ್ಚಿಸಿಕೊಳ್ಳುವುದು ಒಂದು. ಕಾರು ಮತ್ತು ಗೀಸರು ಏಕಕಾಲದಲ್ಲಿ ನಡೆಯದಂತೆ ಹೊತ್ತನ್ನು ಹಂಚಿಕೊಳ್ಳುವುದು ಇನ್ನೊಂದು. ಹೊರೆ ಹೆಚ್ಚಿದಷ್ಟೂ ನಿಗದಿತ ಶುಲ್ಕ ಏರುತ್ತದೆ. ಕಿಲೋವ್ಯಾಟ್‌ಗೆ ತಿಂಗಳಿಗೆ 150 ರೂ. ಎಂದು ಹಿಡಿದರೆ 3 ಕಿಲೋವ್ಯಾಟ್ ಹೆಚ್ಚಳಕ್ಕೆ ಕಾರು ಓಡಲಿ ಬಿಡಲಿ 450 ರೂ. ಕೊಡಬೇಕು. ಆದುದರಿಂದ ಹೊರೆಯನ್ನು ಅಗತ್ಯಕ್ಕೆ ತಕ್ಕಷ್ಟೇ ಹೆಚ್ಚಿಸಿಕೊಂಡು, ಉಳಿದುದನ್ನು ವೇಳಾಪಟ್ಟಿಯಿಂದ ಸರಿದೂಗಿಸುವುದು ಜಾಣತನ. ದಿನಕ್ಕೆ 60 ಕಿ.ಮೀ. ಓಡುವವರಿಗೆ 7.2 ಕಿಲೋವ್ಯಾಟ್ ಚಾರ್ಜರಿನ ಅವಶ್ಯಕತೆಯೇ ಇಲ್ಲ. 3 ಕಿಲೋವ್ಯಾಟ್‌ನ ಪ್ಲಗ್ಗಿನಿಂದ 4 ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

3. ಹೊತ್ತು

ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದ ಕೂಡಲೇ ಪ್ಲಗ್ ಹಾಕುವುದು ಎಲ್ಲರ ಅಭ್ಯಾಸ. ಆದರೆ ಸಂಜೆ 6ರಿಂದ ರಾತ್ರಿ 10ರವರೆಗೆ ಊರಿನ ದೀಪ, ದೂರದರ್ಶನ, ಫ್ಯಾನುಗಳೆಲ್ಲ ಒಟ್ಟಿಗೆ ನಡೆಯುತ್ತವೆ. ಓಣಿಯ ಟಿ.ಸಿ.ಯ ಮೇಲೆ ಹೊರೆ ಹೆಚ್ಚಿ ವೋಲ್ಟೇಜ್ ಕುಸಿಯುವುದು ಆಗಲೇ. ದಿನವಿಡೀ ಬಿಸಿಲಿನಲ್ಲಿ ಓಡಿಬಂದ ಕಾರಿನ ಬ್ಯಾಟರಿಗೂ ತಣಿಯಲು ಸ್ವಲ್ಪ ಹೊತ್ತು ಬೇಕು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಬ್ಯಾಡಗಿಯ ಮಾರುಕಟ್ಟೆಯ ಸುಗ್ಗಿಯೂ ಅದೇ ತಿಂಗಳುಗಳನ್ನು ಒಳಗೊಳ್ಳುವುದರಿಂದ ಅಲ್ಲಿಯ ವರ್ತಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ರಾತ್ರಿ 11ಕ್ಕೆ ಆರಂಭವಾಗಿ ಬೆಳಗಿನ 5ರೊಳಗೆ ಮುಗಿಯುವಂತೆ ಸಮಯವನ್ನು ಗೊತ್ತುಪಡಿಸುವುದು ಉತ್ತಮ. ಹೆಚ್ಚಿನ ಹೊಸ ಕಾರುಗಳಲ್ಲಿ ಕಾರಿನ ಪರದೆಯಿಂದಾಗಲಿ ಮೊಬೈಲಿನಿಂದಾಗಲಿ ಆರಂಭದ ಸಮಯವನ್ನು ನಿಗದಿಮಾಡಬಹುದು. ಆ ಸೌಲಭ್ಯವಿಲ್ಲದಿದ್ದರೆ ಟೈಮರ್ ಅಳವಡಿಸಬಹುದು. ಆದರೆ ದೀಪಕ್ಕೆ ಬಳಸುವ ಅಗ್ಗದ ಟೈಮರ್ ಗಂಟೆಗಟ್ಟಲೆ 3 ಕಿಲೋವ್ಯಾಟ್ ತಾಳಲಾರದು. ಟೈಮರಿನೊಂದಿಗೆ ತಕ್ಕ ಕಂಟ್ಯಾಕ್ಟರ್ ಹಾಕಿಸುವುದು ಅವಶ್ಯ. ನಡುರಾತ್ರಿ ವಿದ್ಯುತ್ ಹೋಗಿ ಬಂದಾಗ ಚಾರ್ಜಿಂಗ್ ತಾನಾಗಿಯೇ ಮುಂದುವರಿಯುವುದೇ ಎಂಬುದನ್ನು ಒಮ್ಮೆ ಪರೀಕ್ಷಿಸಿ ನೋಡಿರಬೇಕು. ಇಲ್ಲವಾದರೆ ಮಾರುಕಟ್ಟೆಯ ದಿನ ಬೆಳಿಗ್ಗೆ ಅರ್ಧ ಚಾರ್ಜ್ ಆದ ಕಾರನ್ನು ನೋಡಿ ಪೇಚಾಡಬೇಕಾದೀತು.

ಪ್ರತಿದಿನವೂ ನೂರಕ್ಕೆ ನೂರು ತುಂಬಿಸುವ ಅಗತ್ಯವಿಲ್ಲ. ಬ್ಯಾಟರಿಯ ಬಗೆಗೆ ಅನುಗುಣವಾಗಿ ತಯಾರಕರು ಕೊಟ್ಟ ಸೂಚನೆಯನ್ನು ಪಾಲಿಸಬೇಕು. ನಿಕ್ಕಲ್ ಬಗೆಯ ಲಿಥಿಯಂ ಬ್ಯಾಟರಿಯನ್ನು ನಿತ್ಯ ಶೇ. 80ರವರೆಗೆ ತುಂಬಿಸಿದರೆ ಬಾಳಿಕೆ ಹೆಚ್ಚು. ಕಬ್ಬಿಣ–ಫಾಸ್ಫೇಟ್ ಬಗೆಯದನ್ನು ಆಗಾಗ ಪೂರ್ತಿ ತುಂಬಿಸಿದರೆ ಅದರ ಅಳತೆ ಸರಿಯಾಗಿರುತ್ತದೆ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿಬರಲು ಸುಮಾರು 150 ಕಿ.ಮೀ. ಆಗುತ್ತದೆ, ಅಂಥ ಪ್ರಯಾಣದ ಹಿಂದಿನ ರಾತ್ರಿ ಮಾತ್ರ, ಹೊರಡುವ ಹೊತ್ತಿಗೆ ಮುಗಿಯುವಂತೆ, ಪೂರ್ತಿ ತುಂಬಿಸುವುದು ಯೋಗ್ಯ.

4. ಗೃಹಜ್ಯೋತಿಯ ಮಿತಿ

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10ರಷ್ಟು ವಿದ್ಯುತ್ ಉಚಿತವೆಂದು ಗೊತ್ತುಪಡಿಸಲಾಯಿತು. ತೀರ ಕಡಿಮೆ ಬಳಸುವವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಎಂದು ಮಾಡಲಾಯಿತು. ಅರ್ಹತೆಗಿಂತ ಹೆಚ್ಚು ಬಳಸಿದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ; ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಒಂದು ಉದಾಹರಣೆ. ಸರಾಸರಿ 80 ಯೂನಿಟ್ ಇದ್ದ ಮನೆಗೆ 88 ಯೂನಿಟ್ ಅರ್ಹತೆ. ಮನೆಯ ಬಳಕೆ 85 ಯೂನಿಟ್. ಮನೆಯವರು ಕಾರನ್ನು ದಿನಕ್ಕೆ 20 ಕಿ.ಮೀ. ಓಡಿಸಿದರೆ ತಿಂಗಳಿಗೆ 96 ಯೂನಿಟ್ ಸೇರಿ ಒಟ್ಟು 181 ಆಗುತ್ತದೆ. ಹೆಚ್ಚುವರಿ 93 ಯೂನಿಟ್ಟಿಗೆ 7 ರೂ.ನಂತೆ 651 ರೂ. ಕೊಡಬೇಕು. ಮುಂದಿನ ತಿಂಗಳು ಮದುವೆಯ ಓಡಾಟದಿಂದ ಬಳಕೆ 24 ಯೂನಿಟ್ ಹೆಚ್ಚಿ 205 ಆಯಿತೆನ್ನಿ. ಆಗ 205 ಯೂನಿಟ್ಟಿಗೂ, ಅಂದರೆ 1,435 ರೂ. ಕೊಡಬೇಕು. ಇತರ ಶುಲ್ಕಗಳನ್ನು ಬದಿಗಿಟ್ಟರೂ 168 ರೂ. ಬೆಲೆಯ 24 ಯೂನಿಟ್ಟಿಗಾಗಿ 784 ರೂ. ಹೆಚ್ಚು ಕೊಟ್ಟಂತಾಯಿತು.

ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆದ್ದರಿಂದ ಮೀಟರ್ ಓದುವ ದಿನಾಂಕವನ್ನು ಗುರುತಿಟ್ಟುಕೊಂಡು, ವಾರಕ್ಕೊಮ್ಮೆ ಅಂಕಿಯನ್ನು ಬರೆದಿಡಬೇಕು. 200ರ ಗಡಿ ಸಮೀಪಿಸಿದಾಗ ಉಳಿದ ಕೆಲವು ದಿನ ಕಾರನ್ನು ಅಂಗಡಿಯ ವಾಣಿಜ್ಯ ಸಂಪರ್ಕದಲ್ಲಿ ಚಾರ್ಜ್ ಮಾಡುವುದು, ಅಲ್ಲಿಯ ದರ ಹೆಚ್ಚಾದರೂ, ಒಟ್ಟಿನಲ್ಲಿ ಅಗ್ಗವಾಗುತ್ತದೆ.

5. ಪ್ರತ್ಯೇಕ ಸಂಪರ್ಕ ಮತ್ತು ಬಿಸಿಲಿನ ವಿದ್ಯುತ್ತು

ದಿನಕ್ಕೆ 60 ಕಿ.ಮೀ. ಓಡುವವರಿಗೆ ಕಾರಿನ ಬಳಕೆಯೊಂದೇ 200 ಯೂನಿಟ್ ದಾಟುವುದರಿಂದ ಮೇಲಿನ ಉಪಾಯ ನಡೆಯದು. ಮನೆಯ ಚಾರ್ಜಿಂಗ್‌ಗೆ ಗೃಹಬಳಕೆಯ ದರವೇ ಅನ್ವಯಿಸತಕ್ಕದ್ದೆಂದು ಕೇಂದ್ರ ಇಂಧನ ಸಚಿವಾಲಯದ 2019ರ ಮಾರ್ಗಸೂಚಿಯಲ್ಲಿ ಹೇಳಲಾಗಿತ್ತು. 2024ರ ಫೆಬ್ರುವರಿಯ ತಿದ್ದುಪಡಿಯಿಂದ ವಿದ್ಯುತ್ ವಾಹನದ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕು ಗ್ರಾಹಕರಿಗೆ ದೊರೆಯಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ವಾಹನ ಚಾರ್ಜಿಂಗ್‌ಗೆ ಬೇರೆಯೇ ವರ್ಗವಿದೆ. ಪ್ರತ್ಯೇಕ ಮೀಟರ್ ಇದ್ದರೆ ಕಾರಿನ ಬಳಕೆ ಮನೆಯ ಬಳಕೆಗೆ ಸೇರುವುದಿಲ್ಲ. ಕಾರಿನ ಖರ್ಚು ವ್ಯವಹಾರದ ಕೀರ್ದಿಗೂ ಸ್ಪಷ್ಟವಾಗಿ ಇಳಿಯುತ್ತದೆ.

ಮನೆಯ ಸಂಪರ್ಕದಿಂದ ನೆರೆಯವರ ವಾಹನಕ್ಕೆ ಹಣ ಪಡೆದು ವಿದ್ಯುತ್ ಕೊಡುವುದು ಸಲ್ಲದು. ಮಂಜೂರಾದ ಉದ್ದೇಶಕ್ಕೆ ಹೊರತಾದ ಬಳಕೆಗೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ದರದ ಎರಡು ಪಟ್ಟು ವಸೂಲಿ ಮಾಡಲು ಅವಕಾಶವಿದೆ.

ಹಗಲು ಕಾರು ಮನೆಯಲ್ಲಿಯೇ ನಿಲ್ಲುವವರು ಮೇಲ್ಛಾವಣಿಯ ಸೌರಫಲಕವನ್ನು ಪರಿಶೀಲಿಸಬಹುದು. ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುವುದರಿಂದ 3 ಕಿಲೋವ್ಯಾಟ್‌ನ ಘಟಕ ಕಾರಿನ ನಿತ್ಯದ 11.5 ಯೂನಿಟ್ಟಿಗೆ ಸರಿದೂಗುತ್ತದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಈ ಗಾತ್ರಕ್ಕೆ 78,000 ರೂ. ಸಹಾಯಧನ ಗೊತ್ತುಮಾಡಲಾಗಿದೆ. ಮುಂದಿನ ದಿನಗಳ ದಿಕ್ಕೂ ಇದೇ. ಹೊತ್ತಿಗೆ ತಕ್ಕ ದರವನ್ನು 2023ರ ಜೂನ್‌ನ ಕೇಂದ್ರ ನಿಯಮಗಳು ವಿಧಿಸಿದವು. ಬಿಸಿಲಿನ ಹೊತ್ತಿನ ದರ ಕಡಿಮೆ. ಬೇಡಿಕೆ ಏರಿದ ಹೊತ್ತಿನ ದರ ಗೃಹಬಳಕೆದಾರರಿಗೆ ಕನಿಷ್ಠ 1.1 ಪಟ್ಟು, ವಾಣಿಜ್ಯ ಮತ್ತು ಕೈಗಾರಿಕೆಗಳಿಗೆ ಕನಿಷ್ಠ 1.2 ಪಟ್ಟು. ಸ್ಮಾರ್ಟ್ ಮೀಟರ್ ಅಳವಡಿಕೆಯಾದಂತೆ ಇದು ಅನ್ವಯವಾಗಬೇಕೆಂಬುದು ನಿಯಮದ ಆಶಯ. ಸಂಜೆಯ ಚಾರ್ಜಿಂಗ್ ಅಭ್ಯಾಸವನ್ನು ಇಂದೇ ಬಿಟ್ಟವರಿಗೆ ಅಂದು ತೊಂದರೆಯಾಗದು.

6. ಸುರಕ್ಷತೆ

ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಕೆಳಗಿನವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

(1) ಚಾರ್ಜರಿಗೆ ಮೀಟರ್ ಫಲಕದಿಂದ ನೇರವಾಗಿ ಬೇರೆ ತಂತಿ ಎಳೆಯಬೇಕು. 16 ಆಂಪಿಯರಿಗೆ 4 ಚದರ ಮಿ.ಮೀ. ತಾಮ್ರದ ತಂತಿ, ಪ್ರತ್ಯೇಕ ಎಂ.ಸಿ.ಬಿ. ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. ಎಕ್ಸ್‌ಟೆನ್ಶನ್ ಬೋರ್ಡ್ ಸರ್ವಥಾ ಕೂಡದು.

(2) ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಅದನ್ನು ವಂಚಿಸಲು ಪ್ಲಗ್ಗಿನಲ್ಲಿ ನ್ಯೂಟ್ರಲ್ ತಂತಿಯನ್ನು ಅರ್ಥಿಂಗ್‌ಗೆ ಜೋಡಿಸುವ ದುರಭ್ಯಾಸ ಕೆಲವೆಡೆ ಉಂಟು. ನ್ಯೂಟ್ರಲ್ ಕಡಿದ ಕ್ಷಣದಲ್ಲಿ ಕಾರಿನ ಮೈಯಲ್ಲೇ ವಿದ್ಯುತ್ ಹರಿದು ಮುಟ್ಟಿದವರ ಪ್ರಾಣಕ್ಕೆ ಅಪಾಯವಾಗುತ್ತದೆ. ಬೇಸಿಗೆಯಲ್ಲಿ ನೆಲ ಒಣಗುವುದರಿಂದ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಬೇಕು.

(3) ಚಾರ್ಜರಿನ ಪ್ಲಗ್ಗು ಮನೆಯ ಇನ್ವರ್ಟರ್ ಸಾಲಿನಲ್ಲಿ ಇರಬಾರದು.

(4) ಹತ್ತಿಯ ಅರಳೆ, ಗೋಣಿಚೀಲ, ಒಣ ಮೆಣಸಿನಕಾಯಿ ತುಂಬಿದ ಗೋದಾಮಿನೊಳಗೆ ಚಾರ್ಜಿಂಗ್ ಮಾಡಬಾರದು. ಗೋದಾಮಿಗೆ ಅಗ್ನಿವಿಮೆ ಇರುವವರು ಹೊಸ ಚಾರ್ಜರಿನ ವಿಷಯವನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿರುವುದು ಕ್ಷೇಮ.

ಒಟ್ಟಿನಲ್ಲಿ, ವಿದ್ಯುತ್ ಕಾರು ಕೊಳ್ಳುವ ವರ್ತಕರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು. ಮಂಜೂರಾದ ಹೊರೆ ಎಷ್ಟು, ತಿಂಗಳ ಬಳಕೆ ಎಷ್ಟು, ಗೃಹಜ್ಯೋತಿಯ ಅರ್ಹತೆ ಎಷ್ಟು, ದಿನದ ಓಟ ಎಷ್ಟು ಎಂಬ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದರೆ, ಮನೆಯ ಪ್ಲಗ್ಗು ಸಾಕೇ, ಪ್ರತ್ಯೇಕ ಸಂಪರ್ಕ ಬೇಕೇ ಎಂಬುದು ಆ ಹಾಳೆಯಲ್ಲಿಯೇ ತೀರ್ಮಾನವಾಗುತ್ತದೆ. ಸರಕನ್ನು ತೂಗದೆ ಕೊಳ್ಳದ ವರ್ತಕರಿಗೆ ಈ ತೂಕವೂ ಕಷ್ಟವಾಗಲಾರದು.