ಸಿಲಿಕೋನ್ ಸೋರಿದೆಯೇ? ಮೊದಲು ಟ್ರಂಕಿನಲ್ಲಿರುವ ಕಾರ್ಡ್ ಹುಡುಕಿ

ಗುರುಮಠಕಲ್ ಸುತ್ತಮುತ್ತಲಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಕಲಬುರಗಿ, ಇಲ್ಲವೇ ಹೈದರಾಬಾದ್. ಕ್ಯಾನ್ಸರ್‌ಗೆ ಸ್ತನ ತೆಗೆಸಿ, ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇರಿಸಿಕೊಂಡು ಊರಿಗೆ ಮರಳಿದ ಹೆಣ್ಣುಮಗಳಿಗೆ ಮುಂದಿನ ಎಚ್ಚರ ಹೇಳುವವರು ಹತ್ತಿರದಲ್ಲಿ ಸಿಗುವುದು ಕಷ್ಟ. ‘ಎದಿ ಮಾತು ಯಾರ ಮುಂದ ಹೇಳ್ಲಿ?’ ಎಂಬ ಸಂಕೋಚ ಬೇರೆ. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ. ವರ್ಷ ಕಳೆದಷ್ಟೂ ಒಡೆಯುವ ಸಂಭವ ಹೆಚ್ಚು.

ಕಾರ್ಡ್ ಹುಡುಕಿ. ಆಪರೇಷನ್ ಫೈಲಿನಲ್ಲಿ ಪುಟ್ಟ ಕಾರ್ಡ್ ಅಥವಾ ಸ್ಟಿಕ್ಕರ್ ಇರಬೇಕು. ಕಂಪನಿ, ಸೀರಿಯಲ್ ಮತ್ತು ಲಾಟ್ ಸಂಖ್ಯೆ, ಎಷ್ಟು ಸಿಸಿ, ಮೇಲ್ಮೈ ನುಣುಪೋ ತರಿತರಿಯೋ ಎಲ್ಲವೂ ಅದರಲ್ಲಿರುತ್ತದೆ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಬಳಕೆಗೆ ಒಪ್ಪಿಗೆಯಿಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾದಾಗ, 2019ರಲ್ಲಿ ಅಲರ್ಗನ್ ಕಂಪನಿ ತರಿ ಮೇಲ್ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆದಾಗ, ತಮ್ಮ ಮೈಯಲ್ಲಿರುವುದು ಯಾವುದೆಂದು ತಿಳಿಯಲು ಮಹಿಳೆಯರಿಗೆ ಒದಗಿದ್ದು ಈ ಚೀಟಿಯೇ. ನಿಮ್ಮ ಬಳಿ ಇಲ್ಲದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಡಿ. ಸಿಕ್ಕೊಡನೆ ಫೋಟೊ ತೆಗೆದು ಮಗಳ ಮೊಬೈಲಿಗೂ ಕಳಿಸಿಡಿ.

ಮೈಯನ್ನು ಗಮನಿಸಿ. ಉಪ್ಪುನೀರಿನ ಇಂಪ್ಲಾಂಟ್ ಒಡೆದರೆ ಎದೆ ಇಳಿದುಹೋಗುತ್ತದೆ. ಸಿಲಿಕೋನ್ ಹಾಗಲ್ಲ. ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿಕೊಂಡ ಗಾಯದ ಪೊರೆಯೊಳಗೆ ಅಂಟಂಟಾದ ಜೆಲ್ ಸದ್ದಿಲ್ಲದೆ ಉಳಿದುಬಿಡುತ್ತದೆ. ಪೊರೆ ದಾಟಿದರೆ ಗಂಟು, ನೋವು, ಉರಿ, ಗಡಸುತನ, ಆಕಾರದಲ್ಲಿ ಬದಲಾವಣೆ ಕಾಣಬಹುದು. ಜೆಲ್ ಕಂಕುಳ ಗ್ರಂಥಿಗೂ ಸೇರಬಹುದು. ಒಮ್ಮೆ ಕ್ಯಾನ್ಸರ್ ಗೆದ್ದವಳಿಗೆ ಅಲ್ಲಿ ಗಂಟು ತಾಗಿದರೆ ಎದೆ ಝಲ್ಲೆನ್ನುವುದು ಸಹಜ. ಅದು ಸಿಲಿಕೋನೋ ಕ್ಯಾನ್ಸರೋ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಆಪರೇಷನ್ ಆಗಿ ವರ್ಷಗಳ ಮೇಲೆ ಒಂದು ಬದಿ ಏಕಾಏಕಿ ಊದಿದರೆ ತಡಮಾಡಬೇಡಿ. ಇಂಪ್ಲಾಂಟ್ ಸುತ್ತ ಅಪರೂಪವಾಗಿ ಹುಟ್ಟುವ ಲಿಂಫೋಮಾ ಎಂಬ ಕ್ಯಾನ್ಸರ್‌ನ ಲಕ್ಷಣ ಅದಾಗಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಸಿಕ್ಕವರಿಂದ ಸೂಜಿ ಚುಚ್ಚಿಸುವುದು ಖಂಡಿತ ಬೇಡ.

ಸ್ಕ್ಯಾನ್ ಮಾಡಿಸಿ. ಏನೂ ತೊಂದರೆ ಇಲ್ಲದಿದ್ದರೂ ಆಪರೇಷನ್ ಆದ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಅಮೆರಿಕದ ಎಫ್‌ಡಿಎ 2020ರಿಂದ ಹೇಳುತ್ತಿದೆ. ಒಡಕನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುವುದು ಎಂಆರ್‌ಐ. ಮ್ಯಾಮೊಗ್ರಾಂಗೆ ಹೋದರೆ ಇಂಪ್ಲಾಂಟ್ ಇರುವುದನ್ನು ಮೊದಲೇ ತಿಳಿಸಿ; ಒತ್ತುವ ವಿಧಾನವೇ ಬೇರೆ.

ಸುಸ್ತು, ಕೀಲುನೋವು? ಸಿಲಿಕೋನ್‌ನಿಂದ ಲೂಪಸ್‌ನಂಥ ರೋಗಗಳು ಬರುತ್ತವೆ ಎನ್ನಲು ಪುರಾವೆ ಸಿಗಲಿಲ್ಲ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ವರದಿ ಮಾಡಿತು. ಹಾಗೆಂದು ಮಹಿಳೆಯರು ಹೇಳುವ ಆಯಾಸ, ಮರೆವು, ಮೈಕೈ ನೋವನ್ನು ‘ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವುದು ಅನ್ಯಾಯ; ಇಂಪ್ಲಾಂಟ್ ತೆಗೆಸಿದ ಮೇಲೆ ಕೆಲವರಿಗೆ ಹಗುರಾಗಿದ್ದೂ ಇದೆ. ರಕ್ತಹೀನತೆ, ಥೈರಾಯ್ಡ್ ತಪಾಸಣೆಯನ್ನೂ ಜೊತೆಗೇ ಮಾಡಿಸಿ.

ಒಡೆದಿರುವುದು ಖಚಿತವಾದರೆ ರಾತ್ರೋರಾತ್ರಿ ಓಡಬೇಕಾದ ತುರ್ತು ಇರುವುದಿಲ್ಲ. ಸಾಮಾನ್ಯವಾಗಿ ತೆಗೆಸಲು ಸಲಹೆ ಕೊಡುತ್ತಾರೆ. ಮತ್ತೆ ಹೊಸದನ್ನು ಇರಿಸಿಕೊಳ್ಳಲೇಬೇಕು ಎಂದೇನಿಲ್ಲ, ಆ ನಿರ್ಧಾರ ನಿಮ್ಮದು. ಇಂಪ್ಲಾಂಟ್‌ನಂಥ ವೈದ್ಯಕೀಯ ಸಾಧನಗಳಿಂದಾದ ತೊಂದರೆ ದಾಖಲಿಸಲು 2015ರಿಂದ ಮೆಟೀರಿಯೊವಿಜಿಲೆನ್ಸ್ ಎಂಬ ಕೇಂದ್ರದ ಕಾರ್ಯಕ್ರಮವಿದೆ. ಶುಲ್ಕರಹಿತ ಸಂಖ್ಯೆ 1800-180-3024. ಕರೆ ಮಾಡುವಾಗ ಆ ಕಾರ್ಡ್ ಕೈಯಲ್ಲಿರಲಿ.