ಪತ್ರಿಕೆಯ ಬೆಳವಣಿಗೆ ಮತ್ತು ಆಯ್ಕೆಯ ಹೊಣೆ: ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಒಂದು ನಿದರ್ಶನ

ಸಂಶೋಧನ ಪತ್ರಿಕೆಯೊಂದು ಬೆಳೆದಂತೆ ಅದಕ್ಕೆ ಬರುವ ಬರಹಗಳ ಸಂಖ್ಯೆಯೂ ವಿಷಯವೈವಿಧ್ಯವೂ ಹೆಚ್ಚುತ್ತವೆ. ಆಗ ಪುಟಮಿತಿಗಿಂತ ಮುಖ್ಯವಾಗುವುದು ಆಯ್ಕೆಯ ಹೊಣೆ ಯಾರದು ಎಂಬ ಪ್ರಶ್ನೆ. ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ವಿಜ್ಞಾನ ಪತ್ರಿಕೆಯು ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

1665ರ ಮಾರ್ಚ್ ತಿಂಗಳಲ್ಲಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಅವರು ಈ ಪತ್ರಿಕೆಯನ್ನು ಸ್ವಂತ ಹೊಣೆಯಲ್ಲಿ ಆರಂಭಿಸಿದರು. ವಿದ್ವಾಂಸರಿಂದ ಬಂದ ಪತ್ರಗಳನ್ನು ಆಯ್ದು, ಸಂಗ್ರಹಿಸಿ ಮುದ್ರಿಸುವ ಕೆಲಸವೆಲ್ಲ ಅವರದೇ ಆಗಿತ್ತು. ಅವರ ತರುವಾಯವೂ ಬಹುಮಟ್ಟಿಗೆ ಕಾರ್ಯದರ್ಶಿಗಳೇ ಇದನ್ನು ನಡೆಸಿದರು. ಓದುಗರು ಮಾತ್ರ ಇದನ್ನು ಸೊಸೈಟಿಯ ಪತ್ರಿಕೆಯೆಂದೇ ಬಗೆದಿದ್ದರು. 1751ರಲ್ಲಿ ಜಾನ್ ಹಿಲ್ ಅವರು ಅದರ ಬರಹಗಳ ದೋಷಗಳನ್ನು ಎತ್ತಿ ಆಡಿದಾಗ ಅಪಕೀರ್ತಿ ತಟ್ಟಿದ್ದು ಸೊಸೈಟಿಗೇ.

1752ರಲ್ಲಿ ಸೊಸೈಟಿಯು ಪತ್ರಿಕೆಯನ್ನು ವಹಿಸಿಕೊಂಡು ಪ್ರಬಂಧ ಸಮಿತಿಯನ್ನು ರಚಿಸಿತು. ಸಭೆಯಲ್ಲಿ ಓದಲಾದ ಪ್ರಬಂಧಗಳಲ್ಲಿ ಯಾವುವು ಮುದ್ರಣಯೋಗ್ಯವೆಂಬುದನ್ನು ಸಮಿತಿ ಗುಪ್ತ ಮತದಿಂದ ನಿರ್ಧರಿಸುತ್ತಿತ್ತು. ವಿಷಯದ ಮಹತ್ವ, ವೈಶಿಷ್ಟ್ಯ ಹಾಗೂ ನಿರೂಪಣೆಯ ಸೊಗಸು ಅದರ ಮಾನದಂಡಗಳಾಗಿದ್ದವು. ಸಂಗತಿಗಳ ಖಚಿತತೆಗೆ ಲೇಖಕರೇ ಹೊಣೆಯೆಂದು ಸೊಸೈಟಿ ಸ್ಪಷ್ಟಪಡಿಸಿತ್ತು.

ವಿಜ್ಞಾನದ ಶಾಖೆಗಳು ಕವಲೊಡೆದಂತೆ ಸಮಿತಿಯ ಸಾಮಾನ್ಯ ತಿಳಿವಳಿಕೆ ಸಾಲದಾಯಿತು. ಆಯಾ ವಿಷಯದ ತಜ್ಞರಿಂದ ಲಿಖಿತ ವರದಿ ಪಡೆಯಬೇಕೆಂದು ವಿಲಿಯಂ ಹ್ಯೂವೆಲ್ ಸೂಚಿಸಿದರು. ಆದರೆ ಜಾರ್ಜ್ ಏರಿ ಅವರ ಖಗೋಳ ಪ್ರಬಂಧವನ್ನು ಕುರಿತ ಮೊದಲ ವರದಿಯಲ್ಲೇ ಇಬ್ಬರು ವಿಮರ್ಶಕರಿಗೆ ಒಮ್ಮತ ಸಾಧ್ಯವಾಗಲಿಲ್ಲ. ಹ್ಯೂವೆಲ್ ಅವರಿಗೆ ಪ್ರಬಂಧದ ಒಟ್ಟು ಮಹತ್ವವನ್ನು ಪರಿಚಯಿಸುವುದು ಮುಖ್ಯವಾಗಿತ್ತು. ಜಾನ್ ಲಬ್ಬಕ್ ಅವರಿಗೆ ದೋಷಗಳನ್ನು ತೋರಿಸುವುದು ಮುಖ್ಯವಾಗಿತ್ತು. ತಜ್ಞರನ್ನು ನೇಮಿಸಿದ ಮಾತ್ರಕ್ಕೆ ಮಾನದಂಡ ಸಿದ್ಧಿಸದು. ಅವರಿಂದ ಏನನ್ನು ನಿರೀಕ್ಷಿಸಲಾಗುತ್ತದೆ ಎಂಬುದೂ ನಿಶ್ಚಯವಾಗಬೇಕೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ತಜ್ಞವಿಮರ್ಶೆಯ ಪದ್ಧತಿ ಮುಂದೆ ಗೋಪ್ಯ ರೂಪದಲ್ಲಿ ನೆಲೆಗೊಂಡಿತು. 1887ರಲ್ಲಿ ಪತ್ರಿಕೆಯನ್ನು ಭೌತ ಮತ್ತು ಜೈವಿಕ ವಿಜ್ಞಾನಗಳ ಎರಡು ಶ್ರೇಣಿಗಳಾಗಿ ವಿಂಗಡಿಸಲಾಯಿತು.

ಹೀಗೆ ಪ್ರತಿಯೊಂದು ಘಟ್ಟದಲ್ಲೂ ಬೆಳವಣಿಗೆಯು ನಿರ್ಣಯದ ಕೇಂದ್ರವನ್ನೇ ಬದಲಿಸಿತು: ವ್ಯಕ್ತಿಯಿಂದ ಸಮಿತಿಗೆ, ಸಮಿತಿಯಿಂದ ತಜ್ಞರಿಗೆ. ಈ ಚರಿತ್ರೆ ಕನ್ನಡ ಸಂಶೋಧನ ಪತ್ರಿಕೆಗಳಿಗೂ ಪ್ರಸ್ತುತವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ಜಾರಿಗೆ ತಂದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಇದರಿಂದ ಗುಣಮಟ್ಟವನ್ನು ನಿರ್ಣಯಿಸುವ ಹೊಣೆ ಹೊರಗಿನ ಪಟ್ಟಿಯಿಂದ ವಿದ್ಯಾಸಂಸ್ಥೆಗಳಿಗೂ ಸಂಪಾದಕ ಮಂಡಳಿಗಳಿಗೂ ಮರಳಿದೆ. ಶಾಸನ, ಜಾನಪದ, ಭಾಷಾವಿಜ್ಞಾನಗಳ ಬರಹಗಳನ್ನು ಒಂದೇ ಸಂಚಿಕೆಯಲ್ಲಿ ಪ್ರಕಟಿಸುವ ಪತ್ರಿಕೆಗಳು ಆಯಾ ಕ್ಷೇತ್ರದ ತಜ್ಞರನ್ನು ಗುರುತಿಸಿ, ಪರಿಶೀಲನೆಯ ಅಂಶಗಳನ್ನು ಲೇಖಕರಿಗೆ ಮೊದಲೇ ತಿಳಿಸುವುದು ಅಗತ್ಯ. ಹಾಗಾದಾಗ ತಿರಸ್ಕೃತವಾದ ಲೇಖನವೂ ಅದರ ಲೇಖಕನಿಗೆ ಕಲಿಕೆಯ ದಾರಿಯಾಗಬಲ್ಲದು.